ಅಪ್ಪನ ಕೋಟು

ಬಿ.ಕಾಂ. ಓದಿ ಬ್ಯಾಂಕು ಸೇರಿದವನಿಗೆ ಕಲೆಯ ಗಂಧ ಎಲ್ಲಿಂದ ಬರಬೇಕು ಹೇಳಿ? 2014ರ ಡಿಸೆಂಬರಿನಲ್ಲಿ, ನಾನಿನ್ನೂ ಎರ್ನಾಕುಲಂನಲ್ಲಿದ್ದಾಗ, ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಬೋಟು ಹತ್ತಿ ಫೋರ್ಟ್ ಕೊಚ್ಚಿಯ ಬಿಯೆನಾಲೆಗೆ ಹೋಗಿದ್ದೆ. ಆಸ್ಪಿನ್‌ವಾಲ್ ಹೌಸ್ ಅಂತ, ಹಿಂದೆ ಮೆಣಸು, ತೆಂಗಿನೆಣ್ಣೆ ವ್ಯಾಪಾರ ಮಾಡುತ್ತಿದ್ದ ಇಂಗ್ಲಿಷ್ ಕಂಪನಿಯ ಕಟ್ಟಡ. ಅಲ್ಲೊಂದು ಕೋಣೆಯಲ್ಲಿ ನಿಖಿಲ್ ಚೋಪ್ರಾ ಎಂಬ ಕಲಾವಿದರು ವೇಷ ಹಾಕಿಕೊಂಡು, ತುಟಿ ಬಿಚ್ಚದೆ ಗೋಡೆಯ ಮೇಲೆ ಕಡಲು ಬರೆಯುತ್ತಿದ್ದರು. ಎರಡು ದಿನ, ರಾತ್ರಿಯೂ ಸೇರಿ, ಅಲ್ಲೇ ವಾಸವಂತೆ. ನಮ್ಮೂರ ಯಕ್ಷಗಾನವಾದರೂ ಬೆಳಗಾದರೆ ಮುಗಿಯುತ್ತೆ ಅಂತ ಮನಸ್ಸಲ್ಲೇ ನಕ್ಕೆ.

ವಾಪಸು ಬರುವಾಗ ಬೋಟಿನಲ್ಲಿ ಸಹೋದ್ಯೋಗಿ ಹೇಳಿದ್ದು ಮಾತ್ರ ತಲೆಯಲ್ಲಿ ಉಳಿಯಿತು. ಇದಕ್ಕೂ ಮೊದಲು ಈ ಚೋಪ್ರಾ 'ಯೋಗರಾಜ್ ಚಿತ್ರಕಾರ್' ಎಂಬ ಪಾತ್ರವಾಗಿ ಊರೂರು ತಿರುಗಿದವರು. ಆ ಪಾತ್ರಕ್ಕೆ ಮೂಲ ಅವರ ಸ್ವಂತ ಅಜ್ಜ ಯೋಗರಾಜ್ ಚೋಪ್ರಾ, ಕಾಶ್ಮೀರದ ಬೆಟ್ಟ ಕಣಿವೆಗಳ ಚಿತ್ರ ಬರೆಯುತ್ತಿದ್ದವರು. ಮೊಮ್ಮಗ ಆ ವೇಷದಲ್ಲಿ 2007ರಲ್ಲಿ ಶ್ರೀನಗರದ ಲಾಲ್ ಚೌಕದಲ್ಲಿ, 2009ರಲ್ಲಿ ನ್ಯೂಯಾರ್ಕಿನಲ್ಲಿ ಜನರೆದುರೇ ಚಿತ್ರ ಬರೆದರು. ಸರಣಿಯ ಹೆಸರು 'ಮೆಮೊರಿ ಡ್ರಾಯಿಂಗ್'. ಸತ್ತವರ ಬಟ್ಟೆ ತೊಟ್ಟರೆ ಅವರು ಸಿಗುತ್ತಾರಾ? ನನಗೆ ನಂಬಿಕೆ ಇರಲಿಲ್ಲ.

ಆಮೇಲೆ ತಿರುವನಂತಪುರಕ್ಕೆ ವರ್ಗವಾಯಿತು. ಅಪ್ಪ ತೀರಿಕೊಂಡ ಮೇಲೆ ಸಾಗರದಿಂದ ಅಮ್ಮನನ್ನು ಕರೆದುಕೊಂಡು ಬಂದೆ. ಅವಳ ಜೊತೆ ಒಂದು ಟ್ರಂಕೂ ಬಂತು. ಎರಡು ವರ್ಷದಲ್ಲಿ ಅಮ್ಮನಿಗೆ ಮರೆವು ಶುರುವಾಯಿತು. ಮೊದಲು ಗ್ಯಾಸ್ ಆರಿಸುವುದು, ಆಮೇಲೆ ಸೊಸೆಯ ಹೆಸರು, ಆಮೇಲೆ ನಾನು.

ಒಂದು ಭಾನುವಾರ ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕುತ್ತಿದ್ದೆ. ಅಪ್ಪನ ಕರಿ ಕೋಟು ಸಿಕ್ಕಿತು. ಮೇಷ್ಟ್ರಾಗಿದ್ದ ಅಪ್ಪ ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಕೋಟು. ಚೋಪ್ರಾ ನೆನಪಾಗಿ, ತಮಾಷೆಗೆ ಅಂತ ತೊಟ್ಟುಕೊಂಡೆ. ಈ ಊರಿನ ಸೆಖೆಗೆ ಕ್ಷಣದಲ್ಲಿ ಬೆವರಿಳಿಯಿತು. ತಿರುಗಿ ನೋಡಿದರೆ ಅಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಿದ್ದಳು.

"ಏನೂಂದ್ರೆ, ಆ ಹುಡುಗನ್ನ ಅಷ್ಟು ಹೊಡೀಬೇಡಿ. ಲೆಕ್ಕ ಇವತ್ತಲ್ಲ ನಾಳೆ ಬರುತ್ತೆ."

ಆ ಹುಡುಗ ನಾನೇ. ಅಪ್ಪನ ಏಟು ಬೀಳುವಾಗ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದವಳೇ ಅಲ್ಲ. ಅವಳಿಗೆ ನನ್ನ ಅಳು ಕೇಳಿಸುವುದೇ ಇಲ್ಲ ಅಂತ ನಲವತ್ತು ವರ್ಷ ಅವಳ ಮೇಲೆ ಒಳಗೊಳಗೇ ಸಿಟ್ಟಿತ್ತು. ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

"ಆಯ್ತು ಕಣೇ, ಇನ್ನು ಹೊಡೆಯಲ್ಲ" ಅಂದೆ. ದನಿ ಅಪ್ಪನದೇ ಬಂತು, ಬೇಕಂತ ಮಾಡಿದ್ದಲ್ಲ.

ಇನ್ನೊಬ್ಬರ ಸಹಿ ನಾವು ಹಾಕಿದರೆ ಬ್ಯಾಂಕಿನಲ್ಲಿ ಅದು ಫೋರ್ಜರಿ. ನಾನು ಮಾಡಿದ್ದೂ ಅದೇ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಅಮ್ಮ ಮಾತ್ರ ಎಷ್ಟೋ ದಿನದ ಮೇಲೆ ಬೆಳಗಿನ ತನಕ ಮಲಗಿದಳು.

ಈಗ ಅಮ್ಮನೂ ಇಲ್ಲ. 2025ರ ಡಿಸೆಂಬರ್ 12ರಂದು ಆರನೇ ಬಿಯೆನಾಲೆ ಶುರುವಾದಾಗ ಪೇಪರಿನಲ್ಲಿ ನೋಡಿದೆ, ಅದರ ಕ್ಯುರೇಟರ್ ಇದೇ ನಿಖಿಲ್ ಚೋಪ್ರಾ. ಅವರ ಕಲೆ ನನಗೆ ಪೂರ್ತಿ ಅರ್ಥವಾಯಿತು ಅಂತ ಈಗಲೂ ಹೇಳಲಾರೆ. ಆದರೆ ಕೋಟನ್ನು ಟ್ರಂಕಿಗೆ ವಾಪಸು ಹಾಕಿಲ್ಲ. ಬೀರುವಿನಲ್ಲಿ ನನ್ನ ಅಂಗಿಗಳ ಪಕ್ಕದಲ್ಲೇ ತೂಗುತ್ತಿದೆ.