ಸಪೋಟ ತೋಟದ ಮೇಲೆ ಹಾದುಹೋದ ಬುಲೆಟ್ ರೈಲು

ಬುಲೆಟ್ ರೈಲು ಯಾಕೆ ಇನ್ನೂ ಓಡ್ತಿಲ್ಲ ಅಂತ ಯಾರನ್ನೇ ಕೇಳಿ, ಒಂದೇ ಉತ್ತರ ಬರುತ್ತೆ. ರೈತರು ಜಮೀನು ಬಿಡಲಿಲ್ಲ. ಪ್ಯಾಟೆಯಲ್ಲಿ ಓದಿಕೊಂಡವರೂ ಇದನ್ನೇ ಹೇಳ್ತಾರೆ, ನಮ್ಮೂರ ಹೋಟ್ಲು ಕಟ್ಟೆ ಮೇಲೆ ಕೂತವರೂ ಇದನ್ನೇ ಹೇಳ್ತಾರೆ. ಕಟ್ಟೆ ಮೇಲಿನವರು ತಾವೂ ರೈತರೇ ಅನ್ನೋದನ್ನ ಆ ಹೊತ್ತಿಗೆ ಮರ್ತಿರ್ತಾರೆ.

ನಾನು ಆ ಲೈನು ಹಾದುಹೋಗೋ ಕಡೆ ಒಂದು ಸಲ ಹೋಗಿ ಬಂದವನು. ರೈಲು ನೋಡೋಕಲ್ಲ, ಸಪೋಟ ನೋಡೋಕೆ. ನಮ್ಮ ಹಿರಿಯೂರು ಸೀಮೆಯಲ್ಲಿ ಹಾಕಿರೋ ಕಾಳಿಪಟ್ಟಿ ಸಪೋಟಕ್ಕೆ ತವರು ಅಂದ್ರೆ ಆ ದಕ್ಷಿಣ ಗುಜರಾತು, ಅದಕ್ಕೆ ಅಂಟಿಕೊಂಡಿರೋ ಡಹಾಣು ಕಡೆ. 2023ರ ಡಿಸೆಂಬರಲ್ಲಿ ನಾವು ಆರು ಜನ ರೈತರು ಕಸಿಗಿಡ ನೋಡೋಣ ಅಂತ ನವಸಾರಿ, ಗಣದೇವಿ, ಅಮಲಸಾಡ್ ತಿರುಗಿದ್ವಿ. ಅಲ್ಲಿ ಖಿರ್ನಿ ಬೇರಿನ ಮೇಲೆ ಕಸಿ ಮಾಡ್ತಾರೆ, ಗಿಡ ನಿಧಾನ, ಆದರೆ ಬರ ತಡೆಯುತ್ತೆ. ಆ ವಿಷಯ ಇನ್ನೊಂದು ದಿನ ಬರೀತೀನಿ.

ತೋಟದಿಂದ ತೋಟಕ್ಕೆ ಹೋಗುವಾಗ ಎಲ್ಲಿ ನೋಡಿದರೂ ಕಾಂಕ್ರೀಟು ಕಂಬ. ಮಾವಿನ ತೋಪಿನ ನೆತ್ತಿ ಮೇಲೆ, ಕಬ್ಬಿನ ಗದ್ದೆ ಮಧ್ಯೆ, ಹೊಳೆ ದಾಟಿ ಸಾಲಾಗಿ ಹೋಗ್ತವೆ. ಕಂಬದ ಮೇಲೆ ಕೂರಿಸೋ ತೊಲೆ ಒಂದೊಂದೂ 40 ಮೀಟರ್ ಉದ್ದ, 970 ಟನ್ ತೂಕ. ಹತ್ತಿರದಲ್ಲೇ ಯಾರ್ಡ್ ಮಾಡಿ ಇಡಿಯಾಗಿ ಎರಕ ಹೊಯ್ದು, ದೊಡ್ಡ ಯಂತ್ರದಲ್ಲಿ ಹೊತ್ತು ತಂದು ಕೂರಿಸ್ತಾರೆ. ಕೆಲಸ ಮಾತ್ರ ಕಣ್ಣು ಬಿಟ್ಟು ನೋಡೋ ಹಂಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ಒಂದು ತೋಟದಲ್ಲಿ ಅರವತ್ತು ದಾಟಿದ ಯಜಮಾನರು ಸಿಕ್ಕಿದ್ರು. ನಮ್ಮ ಹರುಕು ಮುರುಕು ಹಿಂದಿಯಲ್ಲಿ ಕಾಕಾ ಕಾಕಾ ಅಂತ ಮಾತಿಗೆ ಎಳೆದ್ವಿ. ಅವರ ತೋಟದ ನಡುವೆ ಲೈನು ಹೋಗಿದೆ. ಕಂಬದ ಈ ಕಡೆ ಮುಕ್ಕಾಲು ಪಾಲು, ಆ ಕಡೆ ಕಾಲು ಪಾಲು. ಬಾವಿ ಈ ಕಡೆ. ಆ ಕಡೆಯ ಗಿಡಕ್ಕೆ ನೀರು ಒಯ್ಯೋಕೆ ಪೈಪು ದಾಟಿಸಬೇಕು, ಕೆಲಸ ನಡೀವಾಗ ಅದು ಎಷ್ಟು ಸಲ ಒಡೆದು ಹೋಯ್ತೋ ಅವರಿಗೇ ಲೆಕ್ಕ ಇಲ್ಲ. "ರೈಲು ಬೇಡ ಅಂತ ನಾನು ಯಾವತ್ತೂ ಅಂದಿಲ್ಲ. ಎಷ್ಟು ಕೊಡ್ತೀರಿ ಅಂತ ಕೇಳಿದೆ, ಅಷ್ಟೇ. ಅದಕ್ಕೆ ಎರಡು ವರ್ಷ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ಪೇಪರಲ್ಲಿ ಮಾತ್ರ ಕಿಸಾನ್ ವಿರೋಧ ಅಂತ ಬಂತು" ಅಂದ್ರು.

ಅವರ ಮಾತು ಇಟ್ಟುಕೊಂಡು ನಾನು ಸ್ವಲ್ಪ ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ.

ಮುಂಬೈನಿಂದ ಅಹಮದಾಬಾದ್‌ಗೆ 508 ಕಿಲೋಮೀಟರು, 12 ಸ್ಟೇಷನ್ನು. ನೆಲದ ಮೇಲೆ ದಿಬ್ಬ ಕಟ್ಟದೆ ಬಹುಪಾಲು ಕಂಬದ ಮೇಲೇ ಒಯ್ದಿದ್ದರಿಂದ ಪಟ್ಟೆ ಬರೀ 17.5 ಮೀಟರ್ ಅಗಲ ಸಾಕಾಯ್ತು. ನಮ್ಮ ಲೆಕ್ಕಕ್ಕೆ 57 ಅಡಿ. ಒಂದು ಕಿಲೋಮೀಟರಿಗೆ 4 ಎಕರೆ 13 ಗುಂಟೆ ಆಯ್ತು. ಸ್ಟೇಷನ್ನು, ಡಿಪೋ ಎಲ್ಲ ಸೇರಿ ಸುಮಾರು 1,390 ಹೆಕ್ಟೇರು, ಅಂದ್ರೆ 3,400 ಎಕರೆ ಮೇಲೆ. ಇಷ್ಟು ದೊಡ್ಡ ಕೆಲಸಕ್ಕೆ ಇದು ಜಾಸ್ತಿ ಜಮೀನಲ್ಲ, ನಾನೂ ಒಪ್ತೀನಿ. ಒಂದು ದೊಡ್ಡ ಕೆರೆಯ ಅಚ್ಚುಕಟ್ಟಿನಷ್ಟು.

ಆದರೆ ತೋಟಗಾರನ ಲೆಕ್ಕ ಎಕರೆಯದ್ದಲ್ಲ, ಗಿಡದ್ದು. ಸಪೋಟ 10 ಮೀಟರಿಗೊಂದು ಹಾಕಿದರೆ ಎಕರೆಗೆ 40 ಗಿಡ. ನೂರು ಮೀಟರ್ ಅಗಲದ ತೋಟದಲ್ಲಿ ಆ ಪಟ್ಟೆ ಹಾದುಹೋದರೆ 17 ಗುಂಟೆ ಹೋಯ್ತು, ಕಾಗದದಲ್ಲಿ ಹದಿನೇಳು ಹದಿನೆಂಟು ಗಿಡ. ನಿಜದಲ್ಲಿ ಎರಡೂ ಬದಿಯ ಸಾಲೂ ಪೆಟ್ಟು ತಿನ್ನುತ್ತೆ. ಸಪೋಟ ಕಸಿಗಿಡ ಮೂರು ನಾಲ್ಕು ವರ್ಷಕ್ಕೆ ಕಾಯಿ ಕಚ್ಚಿದರೂ ಮನೆ ನಡೆಯೋವಷ್ಟು ಬರೋಕೆ ಹತ್ತು ವರ್ಷ ಬೇಕು. ಆಮೇಲೆ ಮಕ್ಕಳ ಕಾಲಕ್ಕೂ ಬಿಡುತ್ತೆ. ಇಂಥ ಗಿಡ ಕಡಿಯೋಕೆ ಮುಂಚೆ ಒಬ್ಬ ಮನುಷ್ಯ ನಾಲ್ಕು ಪ್ರಶ್ನೆ ಕೇಳಿದರೆ ಅದು ವಿರೋಧವಾ?

ಇನ್ನು ದುಡ್ಡಿನ ವಿಷಯ. ಇಲ್ಲೇ ಎಲ್ಲ ಗಂಟು ಇರೋದು. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಹಳ್ಳಿ ಕಡೆ ಜಮೀನಿಗೆ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೆ ಸಿಗಬಹುದು ಅಂತಾರೆ. ಕೇಳೋಕೆ ಚೆನ್ನಾಗಿದೆ. ಮಾರುಕಟ್ಟೆ ಬೆಲೆ ಅಂದ್ರೆ ಯಾವುದು? ಒಂದೋ ಸರ್ಕಾರದ ಮಾರ್ಗಸೂಚಿ ದರ, ಇಲ್ಲಾ ಹಿಂದಿನ ಮೂರು ವರ್ಷದ ರಿಜಿಸ್ಟರ್ ಕ್ರಯಪತ್ರಗಳ ಸರಾಸರಿ, ಯಾವುದು ಹೆಚ್ಚೋ ಅದು. ಕ್ರಯಪತ್ರದಲ್ಲಿ ನಾವು ಎಷ್ಟು ಬರೆಸ್ತೀವಿ ಅಂತ ನಿಮಗೂ ಗೊತ್ತು, ಸಬ್ ರಿಜಿಸ್ಟ್ರಾರಿಗೂ ಗೊತ್ತು. ಇಪ್ಪತ್ತು ಲಕ್ಷದ ಎಕರೆ ಐದು ಲಕ್ಷಕ್ಕೆ ರಿಜಿಸ್ಟರ್ ಆಗಿದ್ರೆ ನಾಲ್ಕು ಪಟ್ಟು ಅಂದ್ರೆ ಇಪ್ಪತ್ತೇ ಲಕ್ಷ. ಇದು ಉದಾಹರಣೆಗೆ ಹೇಳಿದ್ದು. ಅಂದ್ರೆ ಪರಿಹಾರ ಅನ್ನೋದು ಬರೀ ಬೆಲೆ ಆಯ್ತು.

ಗುಜರಾತಲ್ಲಿ ಈ ಮಾರ್ಗಸೂಚಿ ದರಕ್ಕೆ ಜಂತ್ರಿ ಅಂತಾರೆ. 2011ರಲ್ಲಿ ಮಾಡಿದ ಜಂತ್ರಿ 2023ರ ಏಪ್ರಿಲ್‌ವರೆಗೂ ಹಂಗೇ ಇತ್ತು. ಆಮೇಲೆ ಒಂದೇ ಏಟಿಗೆ ಡಬಲ್ ಮಾಡಿದ್ರು. ರೈಲಿಗೆ ಜಮೀನು ಕೇಳೋಕೆ ಬಂದದ್ದು 2018ರಲ್ಲಿ. ಏಳು ವರ್ಷ ಹಳೇ ದರ ಇಟ್ಟುಕೊಂಡು ಮಾತಿಗೆ ಬಂದ್ರೆ ಯಾರು ಸಹಿ ಹಾಕ್ತಾರೆ? ಅಲ್ಲಿನ ರೈತರು ಹೈಕೋರ್ಟಿಗೆ ಹೋದ್ರು. ಸಾಮಾಜಿಕ ಪರಿಣಾಮದ ಅಧ್ಯಯನ ಮಾಡದೆ ಜಮೀನು ತಗೊಳ್ಳಬಹುದು ಅಂತ ರಾಜ್ಯ 2016ರಲ್ಲಿ ತಂದ ತಿದ್ದುಪಡಿಯನ್ನೂ ಪ್ರಶ್ನೆ ಮಾಡಿದ್ರು. 2019ರ ಸೆಪ್ಟೆಂಬರಲ್ಲಿ ಅವರ ಅರ್ಜಿ ವಜಾ ಆಯ್ತು. ಆ ಕಾಕಾ ಹೇಳಿದ ಪ್ರಕಾರ ಕೊನೆಗೆ ಕೂತು ಮಾತಾಡಿ ಒಂದಿಷ್ಟು ಹೆಚ್ಚು ಕೊಟ್ಟ ಮೇಲೆ ಅವರ ಊರಲ್ಲಿ ಬಹಳ ಜನ ಸಹಿ ಹಾಕಿದ್ರು. ಆ ಮಾತು ಮೊದಲ ವರ್ಷವೇ ಆಡಿದ್ದಿದ್ರೆ?

ಈಗ ತಡ ಯಾರದ್ದು ಅಂತ ನೋಡೋಣ. ಸಾಬರಮತಿಯಲ್ಲಿ ನಮ್ಮ ಪ್ರಧಾನಿ, ಜಪಾನಿನ ಪ್ರಧಾನಿ ಶಿಂಜೋ ಅಬೆ ಇಬ್ಬರೂ ನಿಂತು ಶಂಕುಸ್ಥಾಪನೆ ಮಾಡಿದ್ದು 2017ರ ಸೆಪ್ಟೆಂಬರ್ 14ಕ್ಕೆ. ಆವತ್ತು ಜಮೀನು ಕೈಯಲ್ಲಿ ಇರಲಿಲ್ಲ. ಆದರೂ ಸ್ವಾತಂತ್ರ್ಯದ 75ನೇ ವರ್ಷಕ್ಕೆ, 2022ರ ಆಗಸ್ಟಿಗೆ ಓಡಿಸ್ತೀವಿ ಅಂದ್ರು. ಕಾಗದದ ಮೇಲಿನ ಗಡುವು 2023ರ ಡಿಸೆಂಬರ್ ಇತ್ತು. ಎರಡೂ ಹೋದವು. ಆಮೇಲೆ ಸೂರತ್-ಬಿಲಿಮೋರಾ ತುಂಡು 2026ಕ್ಕೆ ಅಂದ್ರು. ಅದು ಹೋಗಿ ಸೂರತ್ ಕಡೆಯ ಮೊದಲ ತುಂಡು 2027ರ ಆಗಸ್ಟಿಗೆ ಅಂತಾಯ್ತು, ಪೂರ್ತಿ ಮುಂಬೈ ಮುಟ್ಟೋದು 2029ಕ್ಕೆ. ಜನಕ್ಕೆ ಸಿಟ್ಟು ಬರೋದು ತಪ್ಪಲ್ಲ. ಒಂದು ಲಕ್ಷ ಎಂಟು ಸಾವಿರ ಕೋಟಿ ಅಂತ ಶುರುವಾದ ಕೆಲಸ ಇದು. ಜಪಾನಿನ ಸಾಲ ಶೇಕಡ 0.1 ಬಡ್ಡಿಗೆ 50 ವರ್ಷದ ಕಂತು ಅಂದ್ರೂ, ತೀರಿಸೋರು ನಾವೇ, ನಮ್ಮ ಮಕ್ಕಳೇ.

ಆದರೆ ಸಿಟ್ಟು ಯಾರ ಮೇಲೆ ಹೋಗಬೇಕು? 2020ರ ಕೊನೆ ಹೊತ್ತಿಗೆ ಗುಜರಾತಲ್ಲಿ ಬಹುಪಾಲು ಜಮೀನು ಸಿಕ್ಕಿತ್ತು. ಮೊದಲ ದೊಡ್ಡ ಕಾಮಗಾರಿ ಗುತ್ತಿಗೆ ಸಹಿ ಆದದ್ದೂ ಆಗಲೇ. ಮಹಾರಾಷ್ಟ್ರದಲ್ಲಿ ಆಗ ಕಾಲು ಭಾಗವೂ ಆಗಿರಲಿಲ್ಲ. ಪಾಲ್ಘರ್‌ನ ಆದಿವಾಸಿಗಳು, ಸಪೋಟ ಬೆಳೆಗಾರರು ತಕರಾರು ಮಾಡಿದ್ದು ನಿಜ. ಆದರೆ ಆಗ ಅಲ್ಲಿದ್ದ ಸರ್ಕಾರಕ್ಕೇ ಈ ರೈಲು ಬೇಕಿರಲಿಲ್ಲ, ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಇದನ್ನ ಬಿಳಿ ಆನೆ ಅಂದಿದ್ರು. 2022ರ ಜೂನಲ್ಲಿ ಸರ್ಕಾರ ಬದಲಾದ ಮೇಲೆ ಫೈಲು ಓಡಿದವು. ಮುಂಬೈನ ಬಿಕೆಸಿ ಸ್ಟೇಷನ್ ಜಾಗದಲ್ಲಿ ಒಂದು ಪೆಟ್ರೋಲ್ ಬಂಕು, ಕೋವಿಡ್ ಆಸ್ಪತ್ರೆ ಇದ್ದವು. ಖಾರಿ ಅಂಚಿನ ಕಾಂಡ್ಲಾ ಕಾಡು ಕಡಿಯೋಕೆ ಬಾಂಬೆ ಹೈಕೋರ್ಟ್ ಅನುಮತಿ ಸಿಕ್ಕಿದ್ದು 2022ರ ಡಿಸೆಂಬರಿಗೆ. ವಿಕ್ರೋಲಿಯಲ್ಲಿ ಒಂದು ದೊಡ್ಡ ಕಂಪನಿಯ ಹತ್ತಿರ ಹತ್ತಿರ ಹತ್ತು ಎಕರೆ ಜಾಗಕ್ಕೆ 264 ಕೋಟಿ ಪರಿಹಾರ ಅಂತ ಆದೇಶ ಆಗಿತ್ತು. ಅವರೂ ಕೋರ್ಟಿಗೆ ಹೋಗಿದ್ರು, 2023ರ ಫೆಬ್ರವರಿವರೆಗೆ ಕೇಸು ನಡೀತು. ಹತ್ತು ಎಕರೆಗೆ 264 ಕೋಟಿ ಸಾಲದು ಅಂತ ಕೋರ್ಟಿಗೆ ಹೋಗೋದು ಕಾನೂನು ಹೋರಾಟ. ಹದಿನೇಳು ಗುಂಟೆಗೆ ರೇಟು ಕೇಳಿದ್ರೆ ಅಭಿವೃದ್ಧಿಗೆ ಅಡ್ಡಗಾಲು.

ಸುರಂಗದ ಕೆಲಸವೇ ಬೇರೆ. ಬಿಕೆಸಿಯಿಂದ ಶಿಲ್ಫಾಟಾವರೆಗೆ 21 ಕಿಲೋಮೀಟರು ನೆಲದೊಳಗೆ, ಅದರಲ್ಲಿ 7 ಕಿಲೋಮೀಟರು ಠಾಣೆ ಖಾರಿಯ ನೀರಿನ ಕೆಳಗೆ. ಅದರ ಗುತ್ತಿಗೆ ಆದದ್ದೇ 2023ರಲ್ಲಿ. ಕೊನೆಗೆ 2024ರ ಜನವರಿಯಲ್ಲಿ ಜಮೀನು ನೂರಕ್ಕೆ ನೂರು ಆಯ್ತು ಅಂತ ರೈಲ್ವೆಯವರೇ ಹೇಳಿದ್ರು. ಆಮೇಲಿನ ತಡಕ್ಕೂ ರೈತನ ಹೆಸರೇ ಹೇಳೋದಾ? ಜಪಾನಿನ ರೈಲುಬಂಡಿಯ ಮಾತುಕತೆ ಮುಗೀಲಿಲ್ಲ ಅಂತ 2024ರಲ್ಲಿ ನಮ್ಮ ಬೆಂಗಳೂರಿನ ಬಿಇಎಂಎಲ್‌ಗೆ ಎರಡು ಬಂಡಿ ಮಾಡೋಕೆ ಸುಮಾರು 867 ಕೋಟಿಯ ಆರ್ಡರ್ ಬಂತು. ಎಂಟೆಂಟು ಡಬ್ಬಿ, ಗಂಟೆಗೆ 280 ಕಿಲೋಮೀಟರ್ ವೇಗ. ಲೈನು ಮಾಡಿರೋದು 320ಕ್ಕೆ. ನಮ್ಮವರು ಮಾಡ್ತಾರೆ ಅನ್ನೋದು ಹೆಮ್ಮೆ, ಅದು ಬೇರೆ.

ಜಪಾನು ನೋಡಿ ಕಲೀಬೇಕು ಅಂತಾರಲ್ಲ, ಸರಿ, ನೋಡೋಣ. ಅವರ ಮೊದಲ ಲೈನು, ಟೋಕಿಯೋದಿಂದ ಒಸಾಕಾಗೆ 515 ಕಿಲೋಮೀಟರು, ಹೆಚ್ಚುಕಮ್ಮಿ ನಮ್ಮಷ್ಟೇ ಉದ್ದ. 1959ರ ಏಪ್ರಿಲಲ್ಲಿ ಶುರು ಮಾಡಿ 1964ರ ಅಕ್ಟೋಬರ್ 1ಕ್ಕೆ ಓಡಿಸಿದ್ರು. ಐದೂವರೆ ವರ್ಷ. ಇಷ್ಟು ಮಾತ್ರ ಎಲ್ಲರೂ ಹೇಳ್ತಾರೆ. ಯುದ್ಧಕ್ಕೆ ಮುಂಚಿನ ಯೋಜನೆಗೆ ಅಂತ ಒಂದಿಷ್ಟು ಜಮೀನು ಅವರ ಕೈಯಲ್ಲಿ ಆಗಲೇ ಇತ್ತು, ಸುರಂಗದ ಕೆಲಸವೂ ಶುರುವಾಗಿ ನಿಂತಿತ್ತು, ಖರ್ಚು ಹೇಳಿದ್ದಕ್ಕಿಂತ ಹತ್ತಿರ ಹತ್ತಿರ ಎರಡರಷ್ಟಾಗಿ ರೈಲ್ವೆ ಅಧ್ಯಕ್ಷರಾಗಿದ್ದ ಸೋಗೋ ಶಿಂಜಿ ರೈಲು ಓಡೋಕೆ ಮುಂಚೆಯೇ ಕುರ್ಚಿ ಬಿಟ್ರು, ಇದನ್ನ ಯಾರೂ ಹೇಳಲ್ಲ. ಅದೇ ಜಪಾನು ಈಗ ಟೋಕಿಯೋ-ನಗೋಯಾ ಹೊಸ ಮ್ಯಾಗ್ಲೆವ್ ಲೈನನ್ನ 2027ಕ್ಕೆ ಮುಗಿಸ್ತೀವಿ ಅಂದಿದ್ದು ಆಗಲ್ಲ ಅಂತ 2024ರಲ್ಲಿ ಒಪ್ಪಿಕೊಂಡಿದೆ. ಕಾರಣ ಶಿಜುವೊಕಾ ಅನ್ನೋ ಪ್ರಾಂತ್ಯ. ಬೆಟ್ಟದೊಳಗೆ ಸುರಂಗ ಕೊರೆದ್ರೆ ಓಯಿ ಹೊಳೆ ನೀರು ಸೋರಿ ಹೋಗುತ್ತೆ ಅಂತ ವರ್ಷಗಟ್ಟಲೆ ತಡೆದ್ರು. ಶಿಜುವೊಕಾ ಟೀ ಬೆಳೆಯೋ ಸೀಮೆ. ನೀರಿನ ಪ್ರಶ್ನೆ ಅಲ್ಲೂ ಇದೆ.

ತಡ ಆದ್ರೆ ಪ್ಯಾಟೆಯವರಿಗೆ ಬೇಜಾರು, ಸರ್ಕಾರಕ್ಕೆ ಖರ್ಚು. ಜಮೀನಿನವನಿಗೆ ಏನು? ಇದನ್ನ ನಾನು ಹತ್ತಿರದಿಂದ ಕಂಡಿದ್ದೀನಿ. ನನ್ನ ಭಾವನ ಎರಡೂವರೆ ಎಕರೆಯಲ್ಲಿ ಒಂದು ರಸ್ತೆಗೆ ಅಂತ ಅಳತೆ ಮಾಡಿ ಕಲ್ಲು ನೆಟ್ಟು ಹೋದ್ರು. ನೋಟಿಫಿಕೇಶನ್ ಇಲ್ಲ, ನೋಟೀಸಿಲ್ಲ, ಬರೀ ಹಳದಿ ಬಣ್ಣದ ಕಲ್ಲು. ಅಡಿಕೆ ಹಾಕಬೇಕು ಅಂತ ಗುಂಡಿ ತೆಗೆಸಿದ್ರು, ಹೋಗುತ್ತೆ ಸುಮ್ನೆ ಯಾಕೆ ಖರ್ಚು ಅಂತ ಬಿಟ್ರು. ಬೋರು ಕೊರೆಸೋಕೆ ಸಾಲ ಕೇಳಿದ್ರೆ ಬ್ಯಾಂಕಿನವರು ಕಲ್ಲು ನೋಡಿ ಹಿಂದೆ ಸರಿದ್ರು. ಅಕ್ಕನ ಮಗಳ ಮದುವೆಗೆ ಅರ್ಧ ಎಕರೆ ಮಾರೋಣ ಅಂದ್ರೆ ತಗೊಳ್ಳೋರಿಲ್ಲ. ಆರು ವರ್ಷ ರಾಗಿ, ಶೇಂಗಾ ಬೆಳೆದ್ರು, ಕೈಸಾಲ ಮಾಡಿ ಮದುವೆ ಮಾಡಿದ್ರು. ಏಳನೇ ವರ್ಷ ಲೈನು ಮುನ್ನೂರು ಮೀಟರ್ ಆಚೆ ಹೋಯ್ತು. ಜಮೀನು ಉಳೀತಲ್ಲ ಅಂತ ಊರವರು ಖುಷಿಪಟ್ರು. ಹಾಕಬೇಕಿದ್ದ ಅಡಿಕೆ ಅಷ್ಟೊತ್ತಿಗೆ ಫಸಲಿಗೆ ಬಂದಿರೋದು. ಅದಕ್ಕೆ ಪರಿಹಾರ ಕೊಡೋ ಕಾಯ್ದೆ ಇಲ್ಲ, ಯಾಕಂದ್ರೆ ಕಾಗದದಲ್ಲಿ ಯಾರೂ ಏನೂ ತಗೊಂಡಿಲ್ಲ. ಅಕ್ಕ ಇವತ್ತಿಗೂ ಆ ಕಲ್ಲನ್ನ ಕಿತ್ತಿಲ್ಲ, ಅದರ ಮೇಲೆ ಬಟ್ಟೆ ಒಗೀತಾಳೆ.

ಹಾಗಾಗಿ ರೈಲು ಬೇಗ ಆಗಲಿ ಅನ್ನೋರಲ್ಲಿ ನಾನೂ ಒಬ್ಬ. ನಮ್ಮ ತುಮಕೂರು-ಚಿತ್ರದುರ್ಗ-ದಾವಣಗೆರೆ ಲೈನು 2011-12ರ ಬಜೆಟ್ಟಿನದ್ದು. ಬುಲೆಟ್ಟೂ ಅಲ್ಲ ಏನೂ ಅಲ್ಲ, ಸಾದಾ ರೈಲು. ಖರ್ಚಲ್ಲಿ ಅರ್ಧ ರಾಜ್ಯದ್ದು, ಜಾಗ ಕೊಡೋದು ರಾಜ್ಯ. ಆವತ್ತು ಅಂಗನವಾಡಿಗೆ ಹೋಗ್ತಿದ್ದ ಮಕ್ಕಳು ಈಗ ಕಾಲೇಜು ಸೇರಿದ್ದಾರೆ. ಅರಸೀಕೆರೆ ಸುತ್ತಿ ಹೋಗೋದು ತಪ್ಪಲಿ ಅಂತ ಈ ಸೀಮೆಯವರೆಲ್ಲ ಕಾಯ್ತಿದ್ದೀವಿ. ಹಿರಿಯೂರಲ್ಲಿ ರೈಲು ಹತ್ತಬೇಕು ಅನ್ನೋದು ನನಗೂ ಆಸೆ ಇದೆ.

ಈಗ ಚೆನ್ನೈ-ಬೆಂಗಳೂರು-ಮೈಸೂರು ಹೈಸ್ಪೀಡು ಅಂತ ಕೆಲವು ವರ್ಷದಿಂದ ಮಾತು ನಡೀತಿದೆ, ಸುಮಾರು 435 ಕಿಲೋಮೀಟರಿನ ಲೈನು. ಕೋಲಾರ, ರಾಮನಗರ, ಮಂಡ್ಯ ಕಡೆಯ ಗೆಳೆಯರು ಇದನ್ನ ಓದ್ತಿದ್ರೆ ಒಂದೆರಡು ಮಾತು. ಲೈನು ಬರುತ್ತೋ ಬಿಡುತ್ತೋ, ಕಾಗದ ಸರಿ ಮಾಡಿಟ್ಟುಕೊಳ್ಳಿ. ಅಪ್ಪನ ಹೆಸರಲ್ಲೇ ಇರೋ ಪಹಣಿಗೆ ಪೌತಿ ಖಾತೆ ಮಾಡಿಸಿ, ಅಣ್ಣತಮ್ಮಂದಿರ ಪೋಡಿ ಬಾಕಿ ಇದ್ರೆ ಮುಗಿಸಿ. ಪರಿಹಾರದ ಹೊತ್ತಲ್ಲಿ ಮನೆ ಒಡೆಯೋದು ಇದರಿಂದಲೇ. ಪಹಣಿಯಲ್ಲಿ ಬೆಳೆ ಕಾಲಂ ನೋಡಿ, ಇಪ್ಪತ್ತು ವರ್ಷದ ಮಾವಿನ ತೋಟ ಇನ್ನೂ ರಾಗಿ ಅಂತಲೇ ಇರುತ್ತೆ. ಕ್ರಯ ಮಾಡುವಾಗ ನಿಜ ಬೆಲೆ ಬರೆಸಿ, ಸ್ಟಾಂಪ್ ಡ್ಯೂಟಿ ಉಳಿಸೋಕೆ ಹೋದ್ರೆ ಇಡೀ ಊರಿನ ದರ ಇಳಿಯುತ್ತೆ. ಕಲ್ಲು ನೆಡೋಕೆ ಬಂದ್ರೆ ಜಗಳ ಬೇಡ, ಯಾವ ಆದೇಶ, ಯಾವ ಸರ್ವೆ ನಂಬರು ಅಂತ ಬರಹದಲ್ಲಿ ಕೇಳಿ. ಪ್ರಾಥಮಿಕ ಅಧಿಸೂಚನೆ ಆಗೋವರೆಗೂ ಗಿಡ ಹಾಕೋಕೆ, ಬೋರು ಕೊರೆಸೋಕೆ 2013ರ ಕಾಯ್ದೆ ಅಡ್ಡ ಬರಲ್ಲ. ಜಂಟಿ ಅಳತೆ ದಿನ ಮನೆಯವರು ಒಬ್ಬರು ಜಮೀನಲ್ಲಿ ಇರಲೇಬೇಕು. ಗಿಡ ಎಷ್ಟು, ವಯಸ್ಸೆಷ್ಟು, ಪೈಪ್‌ಲೈನು ಎಲ್ಲಿ, ಬೋರು ಎಲ್ಲಿ, ಎಲ್ಲ ಮಹಜರಲ್ಲಿ ಬರೆಸಿ, ಓದಿ ಸಹಿ ಹಾಕಿ, ಒಂದು ಪ್ರತಿ ಇಸ್ಕೊಳ್ಳಿ. ಇವತ್ತೇ ಮೊಬೈಲಲ್ಲಿ ಸಾಲು ಸಾಲಾಗಿ ಗಿಡದ ಫೋಟೋ ತೆಗೆದಿಡಿ, ತಾರೀಕು ಬರೋ ಹಂಗೆ.