ನಾಲ್ಕು ಮಿಲಿಮೀಟರಿನ ಬೆಲೆ

ನಿವೃತ್ತನಾದ ಮೇಲೆ ನಾನು ಕ್ಯಾಮೆರಾ ಹೆಗಲಿಗೇರಿಸಿಕೊಂಡು ಓಡಾಡುವುದನ್ನು ಬಲ್ಲ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು ಈ ವರ್ಷ ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ: “ಸರ್, ಫುಲ್ ಫ್ರೇಮ್ ಕ್ಯಾಮೆರಾ ಏನೋ ಕೊಂಡಾಯಿತು. ಅದೇ ಕಂಪನಿಯ ಒಳ್ಳೆಯ ಜೂಮ್ ಲೆನ್ಸಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಬೇರೆ ಕಂಪನಿಯದ್ದನ್ನು ತೆಗೆದುಕೊಳ್ಳಬಹುದೆ?” ತೆಗೆದುಕೊಳ್ಳಬಹುದು. ನಾನೂ ಅದನ್ನೇ ಮಾಡಿದ್ದೇನೆ. ಆದರೆ ಯಾವುದನ್ನು, ಯಾತಕ್ಕೆ ಎಂಬುದನ್ನು ದೂರವಾಣಿಯಲ್ಲಿ ಹೇಳಿ ಮುಗಿಸಲಾಗದು. ಆದ್ದರಿಂದ ಈ ಬರಹ.

ಹತ್ತನೆಯ ತರಗತಿಯಲ್ಲಿ ಕಿಟಕಿಯ ಪ್ರತಿಬಿಂಬವನ್ನು ಬಿಳಿಯ ಹಾಳೆಯ ಮೇಲೆ ಬೀಳಿಸಿ ಪೀನ ಮಸೂರದ ಸಂಗಮದೂರವನ್ನು ಅಳೆದದ್ದು ನಿಮಗೆ ನೆನಪಿರಬಹುದು. ಲೆನ್ಸಿನ ಮೇಲೆ ಬರೆದಿರುವ 28, 70, 75 ಎಂಬ ಅಂಕಿಗಳು ಅದೇ ಸಂಗಮದೂರವನ್ನು ಮಿಲಿಮೀಟರಿನಲ್ಲಿ ಹೇಳುತ್ತವೆ. ಫುಲ್ ಫ್ರೇಮ್ ಎಂದರೆ ಹಳೆಯ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡದಾದ, 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಸಂವೇದಕ. ಅದರ ಮುಂದೆ 24ರಿಂದ 70ರವರೆಗೋ 28ರಿಂದ 75ರವರೆಗೋ ಹಿಗ್ಗಿ ಕುಗ್ಗುವ ಮಸೂರವನ್ನು ಸ್ಟ್ಯಾಂಡರ್ಡ್ ಜೂಮ್ ಎನ್ನುತ್ತಾರೆ. ಮನೆ, ಮದುವೆ, ಪ್ರವಾಸ, ಮುಖಚಿತ್ರ ಎಲ್ಲಕ್ಕೂ ಒದಗುವ ಮಸೂರ ಇದು.

ನನ್ನ ಬಳಿ ಇರುವುದು ಸೋನಿ ಆಲ್ಫಾ 7ರ ಮೂರನೆಯ ಮಾದರಿ; 2018ರಲ್ಲಿ ಬಂದದ್ದು. ಆದ್ದರಿಂದ ಉದಾಹರಣೆಗಳೆಲ್ಲ ಆ ಕ್ಯಾಮೆರಾಕ್ಕೆ ಹೊಂದುವ ಲೆನ್ಸುಗಳವೇ. ಬೇರೆ ಕ್ಯಾಮೆರಾ ಕೊಳ್ಳುವ ಯೋಚನೆಯಲ್ಲಿರುವವರಿಗೆ ಒಂದು ಮಾತು. ಸೋನಿಯವರು ತಮ್ಮ ಇ-ಮೌಂಟಿನ ಮೂಲ ವಿವರಗಳನ್ನು 2011ರಲ್ಲೇ ಇತರ ತಯಾರಕರಿಗೆ ತೆರೆದಿಟ್ಟರು. ಅದಕ್ಕೇ ಅಲ್ಲಿ ಆಯ್ಕೆ ಹೆಚ್ಚು. ಕ್ಯಾನನ್ನಿನ ಆರ್‌ಎಫ್ ಮೌಂಟಿಗೆ ಸಿಗ್ಮಾ ಮತ್ತು ಟ್ಯಾಮ್ರಾನ್ ಕಂಪನಿಗಳು ಪರವಾನಗಿ ಪಡೆದು ಲೆನ್ಸು ತರುವುದಾಗಿ ಪ್ರಕಟಿಸಿದ್ದು 2024ರ ಏಪ್ರಿಲಿನಲ್ಲಿ, ಅದೂ ಚಿಕ್ಕ ಸಂವೇದಕದ ಕ್ಯಾಮೆರಾಗಳಿಗೆ. ಮನೆ ಕೊಳ್ಳುವ ಮುನ್ನ ಬಾವಿಯ ನೀರು ನೋಡುವಂತೆ, ಕ್ಯಾಮೆರಾ ಕೊಳ್ಳುವ ಮುನ್ನವೇ ಅದಕ್ಕೆ ಯಾರ ಯಾರ ಲೆನ್ಸು ಹೊಂದುತ್ತದೆ ಎಂಬುದನ್ನು ವಿಚಾರಿಸಿಕೊಳ್ಳಿ.

ಈಗ ಬೆಲೆಯ ವಿಚಾರ. ನಮ್ಮ ಪೇಟೆಯ ದರ ದಿನಕ್ಕೊಂದು ಬಗೆ, ಆದ್ದರಿಂದ ಅಮೆರಿಕದಲ್ಲಿ ಬಿಡುಗಡೆಯಾದಾಗಿನ ದರವನ್ನೇ ಹೋಲಿಕೆಗೆ ಇಟ್ಟುಕೊಳ್ಳೋಣ. ಸೋನಿಯ 24-70 ಜಿ ಮಾಸ್ಟರ್ ಎರಡನೆಯ ಆವೃತ್ತಿ, 2022ರಲ್ಲಿ, ಸುಮಾರು 2,300 ಡಾಲರ್. ಸಿಗ್ಮಾದ 24-70 ಆರ್ಟ್, 2019ರಲ್ಲಿ, ಸುಮಾರು 1,100. ಸಿಗ್ಮಾದ 28-70 ಕಂಟೆಂಪರರಿ ಮತ್ತು ಟ್ಯಾಮ್ರಾನಿನ 28-75 ಜಿ2 ಎರಡೂ 2021ರಲ್ಲಿ, ಸುಮಾರು 900. ನಾಲ್ಕೂ ಲೆನ್ಸುಗಳು ಜೂಮಿನ ಉದ್ದಕ್ಕೂ ಎಫ್/2.8ರಷ್ಟು ತೆರೆದುಕೊಳ್ಳುವಂಥವು. ಹಾಗಾದರೆ 2,300ಕ್ಕೂ 900ಕ್ಕೂ ನಡುವೆ ಏನಿದೆ? ಗಾಜಿನ ಗುಣ, ಫೋಕಸ್ಸಿನ ವೇಗ, ಗುಂಡಿಗಳ ಸಂಖ್ಯೆ ಎಲ್ಲವೂ ಇವೆ. ಸೋನಿಯ ಅತಿವೇಗದ ಕ್ಯಾಮೆರಾಗಳಲ್ಲಿ ಬೇರೆಯವರ ಲೆನ್ಸು ಹಾಕಿದರೆ ಸೆಕೆಂಡಿಗೆ 15 ಚಿತ್ರಗಳ ಮಿತಿಯೂ ಇದೆ. ಹಕ್ಕಿ ಹಾರುವುದನ್ನು ಸ್ಟ್ಯಾಂಡರ್ಡ್ ಜೂಮಿನಲ್ಲಿ ಯಾರೂ ಹಿಡಿಯುವುದಿಲ್ಲವಾದ್ದರಿಂದ ಅದು ನಮಗೆ ಬಾಧಕವಲ್ಲ. ನನ್ನ ಮಟ್ಟಿಗೆ ತೂಗಿ ನೋಡಬೇಕಾದದ್ದು 24ಕ್ಕೂ 28ಕ್ಕೂ ನಡುವಣ ಆ ನಾಲ್ಕು ಮಿಲಿಮೀಟರು. ಅಗ್ಗದ ಎರಡೂ ಲೆನ್ಸುಗಳು ಹಗುರವಾಗಿ, ಸಣ್ಣದಾಗಿ ಬಂದಿರುವುದಕ್ಕೆ ಮುಖ್ಯ ಕಾರಣವೇ ಅವು 28ಕ್ಕೆ ನಿಂತಿರುವುದು.

ನಾಲ್ಕು ಮಿಲಿಮೀಟರು ಎಂದರೆ ಎಷ್ಟು? ಸಮರೂಪ ತ್ರಿಭುಜಗಳನ್ನು ಕಲಿತವರಿಗೆ ಇದು ಕಷ್ಟವಲ್ಲ. ಸಂವೇದಕದ ಅಗಲ 36ನ್ನು ಸಂಗಮದೂರದಿಂದ ಭಾಗಿಸಿ, ನೀವು ನಿಂತ ದೂರದಿಂದ ಗುಣಿಸಿ. ಹತ್ತು ಅಡಿ ದೂರದಲ್ಲಿ 24 ಮಿ.ಮೀ. ಲೆನ್ಸಿಗೆ ಕಾಣುವುದು 15 ಅಡಿ ಅಗಲ. 28ಕ್ಕೆ ಕಾಣುವುದು 13 ಅಡಿಗೆ ಎರಡು ಅಂಗುಲ ಕಡಿಮೆ. ಭುಜಕ್ಕೆ ಒಂದೂವರೆ ಅಡಿ ಎಂದು ಹಿಡಿದರೆ ಅಲ್ಲಿ ಹತ್ತು ಮಂದಿಯ ಸಾಲು, ಇಲ್ಲಿ ಎಂಟು ಮಂದಿಯದು. ಬಿಟ್ಟುಹೋದ ಇಬ್ಬರು ನೆಂಟರನ್ನು ಒಳಗೆ ಸೇರಿಸಲು ಎಷ್ಟು ಹಿಂದೆ ಸರಿಯಬೇಕು? ಇಪ್ಪತ್ತು ಅಂಗುಲ. ಒಂದು ಹೆಜ್ಜೆ ಎನ್ನಿ. ಆ ಹೆಜ್ಜೆಗೆ ಜಾಗವಿದ್ದವರಿಗೆ 28 ಸಾಕು. ಬೆನ್ನ ಹಿಂದೆ ಗೋಡೆಯಿದ್ದವರಿಗೆ ಸಾಲದು. ಮೇಲಾಗಿ 24ರಲ್ಲಿ ಸಾಲಿನ ತುದಿಯಲ್ಲಿ ನಿಂತವರ ಮುಖ ಪಕ್ಕಕ್ಕೆ ಎಳೆದಂತೆ ಅಗಲವಾಗಿ ಬರುತ್ತದೆ, ಆ ಬಂಧುಗಳು ಆಮೇಲೆ ನಮ್ಮನ್ನು ಕ್ಷಮಿಸುವುದಿಲ್ಲ.

ತಮ್ಮ ಹಳೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಯಾವ ಸಂಗಮದೂರದಲ್ಲಿ ಹೆಚ್ಚು ತೆಗೆದಿದ್ದೇವೆ ಎಂದು ಎಣಿಸಿ ನೋಡುವಂತೆ ಅನೇಕರು ಸಲಹೆ ಕೊಡುತ್ತಾರೆ. ಒಳ್ಳೆಯ ಸಲಹೆಯೇ, ಆದರೆ ಅರ್ಧ ಮಾತ್ರ. ಕ್ಯಾಮೆರಾದ ಜೊತೆಗೆ ಬರುವ ಲೆನ್ಸೇ 28-70 ಆಗಿರುವಾಗ, ನಮಗೆ 24 ಬೇಕಿತ್ತೇ ಎಂಬುದನ್ನು ಆ ಎಣಿಕೆ ಹೇಗೆ ಹೇಳೀತು? ನಾನು ಬೇರೆ ರೀತಿಯಲ್ಲಿ ನೋಡಿದೆ. 28ರಲ್ಲಿ ತೆಗೆದ ಚಿತ್ರಗಳನ್ನಷ್ಟೇ ಬೇರ್ಪಡಿಸಿ, ಅಂಚಿನಲ್ಲಿ ಭುಜವೋ ಕಂಬವೋ ತುಂಡಾಗಿರುವವು ಎಷ್ಟಿವೆ ಎಂದು ಪರಿಶೀಲಿಸಿದೆ. ತೀರ ಕೆಲವೇ ಇದ್ದವು, ಅವೂ ಬಹುತೇಕ ಛತ್ರದ ಊಟದ ಪಂಕ್ತಿಗಳು. ಅಂಥ ಸಂದರ್ಭಕ್ಕೆ ಜೇಬಿನಲ್ಲಿ ಮೊಬೈಲು ಇದ್ದೇ ಇದೆ. ಅನೇಕ ಮೊಬೈಲುಗಳ ಮುಖ್ಯ ಕ್ಯಾಮೆರಾ ಈ ಲೆಕ್ಕದಲ್ಲಿ 24-26 ಮಿ.ಮೀ.ಗೆ ಸಮ.

ಜೊತೆಗೆ ಬಂದ ಲೆನ್ಸೇ ಇರುವಾಗ ಇನ್ನೊಂದೇಕೆ ಎಂದು ನನ್ನ ಮನೆಯಾಕೆಯೂ ಕೇಳಿದ್ದಳು. ಉತ್ತರ ಬೆಳಕಿನಲ್ಲಿದೆ. ತೀರ್ಥಹಳ್ಳಿಯ ಕಡೆಯ ನಮ್ಮ ಹಂಚಿನ ಮನೆಯ ನಡುಮನೆಗೆ ಬೆಳಕು ಬರುವುದು ಮಾಡಿನಲ್ಲಿ ಕೂರಿಸಿದ ಎರಡು ಗಾಜಿನ ಹಂಚಿನಿಂದ. ಅದರ ಕೆಳಗೆ ಕುಳಿತು ನನ್ನ ಅಕ್ಕ ದಿನವೂ ಹೂಬತ್ತಿ ಹೊಸೆಯುತ್ತಾಳೆ. ಆಕೆಗೀಗ ಎಂಬತ್ತನಾಲ್ಕು. ಫ್ಲಾಶ್ ಮಿಂಚಿದರೆ ಕಣ್ಣು ಮುಚ್ಚಿ ಮುಖ ಬಿಗಿಹಿಡಿಯುತ್ತಾಳೆ. ನಮ್ಮ ಅಮ್ಮನದಾಗಿ ಉಳಿದಿರುವುದು ಒಂದೇ ಒಂದು ಚಿತ್ರ. ಸ್ಟುಡಿಯೋದ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕುಳಿತದ್ದು. ಅಡುಗೆಮನೆಯಲ್ಲಿ ನಗುತ್ತಿದ್ದ ಅಮ್ಮ ನನ್ನ ಮೊಮ್ಮಕ್ಕಳಿಗೆ ಎಲ್ಲಿಯೂ ಸಿಗುವುದಿಲ್ಲ. ಅಕ್ಕನ ವಿಷಯದಲ್ಲಿ ಹಾಗಾಗಬಾರದು ಎಂಬುದಷ್ಟೇ ನನ್ನ ಆಸೆ. ನಾನು ಊರಿಗೆ ಹೋಗುವುದು ವರ್ಷಕ್ಕೆ ಎರಡು ಸಲ.

ಹಳೆಯ ಲೆನ್ಸು 70 ಮಿ.ಮೀ.ನಲ್ಲಿ ತೆರೆದುಕೊಳ್ಳುವುದು ಎಫ್/5.6ರವರೆಗೆ ಮಾತ್ರ. ಎಫ್/2.8 ಅದರ ನಾಲ್ಕರಷ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅಲ್ಲಿ ಸೆಕೆಂಡಿನ ಮೂವತ್ತನೆಯ ಒಂದು ಭಾಗ ಬೇಕಾದರೆ ಇಲ್ಲಿ ನೂರಿಪ್ಪತ್ತೈದನೆಯ ಒಂದು ಭಾಗ ಸಾಕು. ಕ್ಯಾಮೆರಾದೊಳಗಿನ ಕಂಪನನಿವಾರಕ ಇದೆಯಲ್ಲ ಎಂದು ನೀವು ಕೇಳಬಹುದು. ಅದು ನನ್ನ ಕೈಯ ನಡುಕವನ್ನು ನಿವಾರಿಸುತ್ತದೆಯೇ ಹೊರತು ಬತ್ತಿ ಹೊಸೆಯುವ ಅಕ್ಕನ ಬೆರಳನ್ನು ನಿಲ್ಲಿಸಲಾರದು. (ಇಲ್ಲೊಂದು ಎಚ್ಚರಿಕೆ: ಮೇಲೆ ಹೇಳಿದ ಸಿಗ್ಮಾ, ಟ್ಯಾಮ್ರಾನ್ ಲೆನ್ಸುಗಳೊಳಗೆ ಕಂಪನನಿವಾರಕ ಇಲ್ಲ. 2013ರ ಮೊದಲ ಆಲ್ಫಾ 7 ಕ್ಯಾಮೆರಾದಲ್ಲೂ ಇಲ್ಲ. ಎರಡನೆಯ ಮಾದರಿಯಿಂದ ಮುಂದಿನವುಗಳಲ್ಲಿ ಇದೆ. ಅಗ್ಗವೆಂದು ಹಳೆಯ ಕ್ಯಾಮೆರಾ ಹಿಡಿದವರು ಇದನ್ನು ಗಮನಿಸಬೇಕು.)

ಅಮೆರಿಕದಲ್ಲಿರುವ ತಂಗಿಯ ಮಗ ಸೋನಿಯದನ್ನೇ ತಂದುಕೊಡುವುದಾಗಿ ಹಟ ಹಿಡಿದಿದ್ದ. ಪ್ರೀತಿಯ ಮಾತು. ಆದರೆ ಹೊರದೇಶದಲ್ಲಿ ಕೊಂಡ ಲೆನ್ಸಿನ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂಬುದು ಒಂದು. ಅಷ್ಟು ಬೆಲೆಯ ವಸ್ತುವನ್ನು ಮಳೆಗಾಲದಲ್ಲಿ ಬಸ್ಸಿನಲ್ಲಿ ಹೊತ್ತು ತಿರುಗಲು ನನಗೆ ಧೈರ್ಯ ಬಾರದು ಎಂಬುದು ಇನ್ನೊಂದು. ಮನೆಯ ಬೀರುವಿನಲ್ಲಿ ಮಲಗಿರುವ ಲೆನ್ಸು ಎಷ್ಟು ಒಳ್ಳೆಯದಾದರೇನು?

ಕೊನೆಗೆ ಕೊಂಡದ್ದು ಟ್ಯಾಮ್ರಾನ್ 28-75 ಜಿ2. ತೂಕ 540 ಗ್ರಾಂ. 650 ಗ್ರಾಮಿನ ಕ್ಯಾಮೆರಾ ಸೇರಿ ಒಂದು ಕಿಲೋ ಇನ್ನೂರರೊಳಗೆ. ಸಿಗ್ಮಾದ 28-70 ಇನ್ನೂ ಹಗುರ, 470 ಗ್ರಾಂ. ಪರ್ವತ ಹತ್ತುವವರಿಗೆ ಅದನ್ನೇ ಹೇಳುತ್ತೇನೆ. ಆದರೆ ಅದರಲ್ಲಿ ಧೂಳು-ನೀರಿಗೆ ತಡೆ ಇರುವುದು ಕ್ಯಾಮೆರಾಕ್ಕೆ ಕೂಡುವ ಜಾಗದಲ್ಲಿ ಮಾತ್ರ. ಟ್ಯಾಮ್ರಾನಿನ ಒಡಲಲ್ಲೆಲ್ಲ ತೇವ ನಿರೋಧವಿದೆ. ಮಲೆನಾಡಿನವನಾದ ನನಗೆ ಅದೇ ದೊಡ್ಡದಾಗಿ ಕಂಡಿತು. ಮದುವೆಯ ಚಿತ್ರ ತೆಗೆದು ಜೀವನ ನಡೆಸುವವರು ಮಾತ್ರ 24-70ಕ್ಕೇ ಹೋಗಬೇಕು. ಸಿಗ್ಮಾದ ಮೊದಲ ಆವೃತ್ತಿ ಸುಮಾರು 830 ಗ್ರಾಂ, 2024ರಲ್ಲಿ ಬಂದ ಎರಡನೆಯದು ಸುಮಾರು 735. ಮೊದಲನೆಯದು ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಬಿಡಬೇಡಿ.

ಮೊದಲ ಸಲ ಊರಿಗೆ ಒಯ್ದಾಗ ಅಕ್ಕನ ಚಿತ್ರವನ್ನು 75 ಮಿ.ಮೀ.ನಲ್ಲಿ, ಎಫ್/2.8ರಲ್ಲಿ ತೆಗೆದೆ. ಕೆನ್ನೆಯ ಸುಕ್ಕು, ಬೆರಳ ನಡುವಿನ ಹತ್ತಿಯ ಎಳೆ, ಎಲ್ಲವೂ ಒಡಮೂಡಿದ್ದವು. ಹಿಗ್ಗಿನಿಂದ ತೋರಿಸಿದೆ. ಕನ್ನಡಕ ಏರಿಸಿ ನೋಡಿ ಆಕೆ ಕೇಳಿದ್ದು ಇಷ್ಟೇ: “ಅಲ್ಲ ಕಣೋ, ಹಿಂದಿನ ದೇವರ ಕೋಣೆ ಬಾಗಿಲು ಯಾಕೆ ಹೀಗೆ ಮಂಕಾಗಿದೆ? ಅಪ್ಪಯ್ಯ ಮಾಡಿಸಿದ ಕೆತ್ತನೆ ಒಂದೂ ಕಾಣೋದೇ ಇಲ್ವಲ್ಲ!” ಒಂದೂವರೆ ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಬರುವ ಆಳ ಏಳು ಸೆಂಟಿಮೀಟರಿನಷ್ಟೂ ಇಲ್ಲವೆಂದು ಆಕೆಗೆ ಹೇಗೆ ವಿವರಿಸಲಿ? ಬತ್ತಿಯನ್ನು ಕೆಳಗಿಡಿಸಿ, ಸುಮ್ಮನೆ ಕೂರಿಸಿ, ಎಫ್/8ರಲ್ಲಿ ಇನ್ನೊಂದು ತೆಗೆದೆ. ಈ ಸಲ ಕಂಪನನಿವಾರಕ ಉಪಯೋಗಕ್ಕೆ ಬಂತು. ಅಕ್ಕ ಗೋಡೆಗೆ ಹಾಕಿಸಿಕೊಂಡಿರುವುದು ಬಾಗಿಲು ಕಾಣುವ ಆ ಎರಡನೆಯ ಚಿತ್ರವನ್ನು. ನನ್ನ ಮೇಜಿನ ಮೇಲಿರುವುದು ಮೊದಲನೆಯದು.

ಕೊಳ್ಳುವವರಿಗೆ ಇನ್ನೆರಡು ಮಾತು. ತಂದ ದಿನವೇ ಒಂದು ದಿನಪತ್ರಿಕೆಯ ನಾಲ್ಕು ಹಾಳೆಗಳನ್ನು ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ಗೋಡೆಗೆ ನೇರವಾಗಿ ಸ್ಟ್ಯಾಂಡಿನ ಮೇಲಿರಿಸಿ 28, 50, 75ರಲ್ಲಿ ಎಫ್/2.8ರ ಚಿತ್ರ ತೆಗೆಯಿರಿ. ನಾಲ್ಕು ಮೂಲೆಗಳ ಅಕ್ಷರವೂ ನಡುವಿನಷ್ಟು ತೀಕ್ಷ್ಣವಾಗಿರಬೇಕಿಲ್ಲ. ಆದರೆ ನಾಲ್ಕೂ ಮೂಲೆ ಹೆಚ್ಚುಕಡಿಮೆ ಒಂದೇ ತೆರನಾಗಿರಬೇಕು. ಒಂದು ಪಕ್ಕ ಮಾತ್ರ ಕಲಸಿಹೋಗಿದ್ದರೆ ಒಳಗಿನ ಗಾಜು ವಾರೆಯಾಗಿದೆ ಎಂದರ್ಥ. ಅವಧಿ ಮೀರುವ ಮುನ್ನ ಹಿಂದಿರುಗಿಸಿ. ಹಳೆಯದನ್ನು ಕೊಳ್ಳುವುದಾದರೆ ಹಿಂದಿನಿಂದ ಟಾರ್ಚ್ ಹಾಯಿಸಿ ಮುಂದಿನಿಂದ ನೋಡಿ. ಜೇಡರ ಬಲೆಯಂಥ ಬಿಳಿಯ ಎಳೆಗಳು ಕಂಡರೆ ಅದು ಬೂಷ್ಟು, ಎಷ್ಟೇ ಅಗ್ಗವಾದರೂ ಬೇಡ.

ಹೊಸ ಲೆನ್ಸಿಗೂ ನಮ್ಮ ಸೀಮೆಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ಅದರ ಜೊತೆಗೆ ಬಂದ ಚೀಲದಲ್ಲಿ, ಬಟ್ಟೆಯ ಬೀರುವಿನಲ್ಲಿ ಇಡಬೇಡಿ. ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಒಂದು ಹಿಡಿ ನೀಲಿ ಸಿಲಿಕಾ ಜೆಲ್, ಖರ್ಚು ಅತ್ಯಲ್ಪ. ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಹಳೆಯದೊಂದು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತವೆ. ಆ ಬಾಣಲೆಯನ್ನು ಆಮೇಲೆ ಅಡುಗೆಗೆ ಬಳಸುವಂತಿಲ್ಲ, ಇದನ್ನು ಮೊದಲೇ ಮನೆಯಲ್ಲಿ ಹೇಳಿಬಿಡಿ.