ಎರಡನೆಯ ಚಿಟ್ಟಿಗೆ ಪಾಸ್ ಮಾರ್ಕು ಕೊಡಲಾಗಲಿಲ್ಲ

ಶಂಕರ್ ನಿರ್ದೇಶನದ 'ಎಂದಿರನ್' 2010ರ ಅಕ್ಟೋಬರಿನಲ್ಲಿ ಬಂದಾಗ ನಮ್ಮ ಕಾಸರಗೋಡಿನ ಮಕ್ಕಳು ಕೆಲವು ತಿಂಗಳು ಚಿಟ್ಟಿಯಾಗಿಯೇ ಓಡಾಡಿದ್ದರು. ಕತ್ತು ಒಮ್ಮೆಗೇ ಬಲಕ್ಕೆ, ಒಮ್ಮೆಗೇ ಎಡಕ್ಕೆ! ಹೆಸರು ಕೇಳಿದರೆ ಚಿಟ್ಟಿ, ವೇಗ ಒಂದು ಟೆರಾಹರ್ಟ್ಸ್, ಮೆಮೊರಿ ಒಂದು ಜೆಟಾಬೈಟ್. ಹದಿಮೂರರ ಮಗ್ಗಿಯಲ್ಲಿ ತಡವರಿಸುವ ಹುಡುಗನ ಬಾಯಲ್ಲಿ ಜೆಟಾಬೈಟ್ ಕೇಳಿ ನಗು ಬರುತ್ತಿತ್ತು. ಆದರೆ ಅದೇ ನೆಪದಲ್ಲಿ ಒಂದರ ಮುಂದೆ ಇಪ್ಪತ್ತೊಂದು ಸೊನ್ನೆ ಬರೆದು ತೋರಿಸುವ ಅವಕಾಶವೂ ಸಿಕ್ಕಿತು. ಒಂದು ಸಿನಿಮಾ ಮಾಷ್ಟ್ರಿಗೆ ಇಷ್ಟು ಸಹಾಯ ಮಾಡಿದರೆ ಸಾಲದೇ?

ಆ ಋಣ ಮನಸ್ಸಿನಲ್ಲಿ ಇದ್ದುದರಿಂದಲೇ 2018ರ ನವೆಂಬರ್ 29ರಂದು ಬಿಡುಗಡೆಯಾದ '2.0' ನನಗೆ ಅಷ್ಟೊಂದು ಬೇಸರ ತಂದದ್ದು. ರಜನಿಕಾಂತ್ ಚೆನ್ನಾಗಿಲ್ಲ ಎಂದಲ್ಲ. ಆ ಮನುಷ್ಯ ಪರದೆಯ ಮೇಲೆ ಸುಮ್ಮನೆ ನಿಂತರೂ ನೋಡುತ್ತೇವೆ. ಐನೂರು ಕೋಟಿಗೂ ಮಿಕ್ಕಿ ಖರ್ಚಾಗಿದೆ ಎಂಬ ಪ್ರಚಾರವಿತ್ತು, ಆ ಖರ್ಚು ಕಣ್ಣಿಗೆ ಕಾಣುತ್ತದೆ ಕೂಡ. ಕಾಣದೇ ಹೋದದ್ದು ಮೊದಲ ಭಾಗದಲ್ಲಿದ್ದ ಪ್ರಶ್ನೆ.

ಮೊದಲ ಭಾಗದಲ್ಲಿ ಎಷ್ಟೇ ಹಾಡು, ಹೊಡೆದಾಟ ಇದ್ದರೂ ಒಳಗೊಂದು ಗಟ್ಟಿ ಬೀಜವಿತ್ತು. ಬೆಂಕಿ ಬಿದ್ದ ಕಟ್ಟಡದಿಂದ ಸ್ನಾನ ಮಾಡುತ್ತಿದ್ದ ಹುಡುಗಿಯನ್ನು ಚಿಟ್ಟಿ ಹಾಗೆಯೇ ಎತ್ತಿಕೊಂಡು ಬರುತ್ತದೆ. ಪ್ರಾಣ ಉಳಿಸಿದೆ ಎಂದು ಅದರ ಲೆಕ್ಕ. ಎಲ್ಲರ ಎದುರು ನಾಚಿಕೆಯಿಂದ ಓಡಿದ ಹುಡುಗಿ ವಾಹನದಡಿಗೆ ಬಿದ್ದು ಸಾಯುತ್ತಾಳೆ. ಲೆಕ್ಕ ಸರಿ, ಉತ್ತರ ತಪ್ಪು! ಬುದ್ಧಿ ಬೇರೆ, ವಿವೇಕ ಬೇರೆ ಎಂದು ನಾವು ಒಂದು ಪೀರಿಯಡ್ ಪೂರ್ತಿ ಹೇಳಿದರೂ ಮಕ್ಕಳ ತಲೆಗೆ ಹೋಗದ ಮಾತು ಆ ಒಂದು ದೃಶ್ಯದಲ್ಲಿತ್ತು. ಕೊನೆಗೆ ನ್ಯಾಯಾಲಯದ ತೀರ್ಪಿನಂತೆ ಚಿಟ್ಟಿ ತನ್ನನ್ನು ತಾನೇ ಬಿಚ್ಚಿಕೊಳ್ಳುತ್ತದೆ. ಮ್ಯೂಸಿಯಮ್ಮಿಗೆ ಬಂದ ಶಾಲಾ ಮಗುವೊಂದು ಕಾರಣ ಕೇಳಿದಾಗ, ತಾನು ಯೋಚಿಸಲು ಶುರು ಮಾಡಿದ್ದೇ ಕಾರಣ ಎನ್ನುತ್ತದೆ. ಅದರ ಬರವಣಿಗೆಯಲ್ಲಿ ಪಾಲಿದ್ದ ಸುಜಾತಾ (ರಂಗರಾಜನ್) ಬೆಂಗಳೂರಿನ ಬಿಇಎಲ್‌ನಲ್ಲಿ ಇಂಜಿನಿಯರ್ ಆಗಿದ್ದವರು, ಮತಯಂತ್ರದ ತಯಾರಿಯಲ್ಲಿ ಕೆಲಸ ಮಾಡಿದವರು. ಯಂತ್ರವನ್ನು ಕೈಯಲ್ಲಿ ಮುಟ್ಟಿ ಬಲ್ಲವರು. 2008ರಲ್ಲೇ ತೀರಿಹೋದರು. ಎರಡನೆಯ ಭಾಗಕ್ಕೆ ಅವರು ಇರಲಿಲ್ಲ.

'2.0'ಕ್ಕೆ ಶಂಕರ್ ಜೊತೆ ಬರೆದವರು ಜೆಯಮೋಹನ್. ದೊಡ್ಡ ಸಾಹಿತಿ. ದೂರವಾಣಿ ಇಲಾಖೆಯಲ್ಲಿ ನೌಕರಿ ಮಾಡಿದವರು, ಅದರಲ್ಲೂ ಕೆಲಕಾಲ ನಮ್ಮ ಕಾಸರಗೋಡಿನಲ್ಲೇ ಇದ್ದವರು. ಹಾಗಾಗಿ ನನಗೆ ನಿರೀಕ್ಷೆ ಇನ್ನೂ ಹೆಚ್ಚಿತ್ತು. ಕಥೆಯ ಆರಂಭವೂ ಚೆನ್ನಾಗಿದೆ. ಒಬ್ಬ ಮುದುಕ ಮೊಬೈಲ್ ಟವರಿಗೆ ನೇಣು ಹಾಕಿಕೊಳ್ಳುತ್ತಾನೆ. ಮರುದಿನದಿಂದ ಚೆನ್ನೈಯ ಜನರ ಕೈಯಲ್ಲಿದ್ದ ಫೋನುಗಳು ಹಾರಿಹೋಗುತ್ತವೆ. ಆ ಮುದುಕ ಪಕ್ಷಿರಾಜನ್, ಹಕ್ಕಿಗಳಿಗಾಗಿ ಬದುಕು ಸವೆಸಿದ ವಿಜ್ಞಾನಿ. ಅಕ್ಷಯ್ ಕುಮಾರ್‌ಗೆ ಹಾಕಿದ ಆ ಗಡ್ಡ, ಕನ್ನಡಕ ನೋಡಿದರೆ ಸಲೀಂ ಅಲಿ ನೆನಪಾಗದೆ ಇರುವುದಿಲ್ಲ. ಹಕ್ಕಿಗಳು ಸಾಯುವುದನ್ನು ನೋಡಲಾರದೆ ಅವನು ಕಚೇರಿಯಿಂದ ಕಚೇರಿಗೆ ಅಲೆಯುವ ಭಾಗವೇ ಇಡೀ ಚಿತ್ರದ ಜೀವ.

ಆಮೇಲೆ? ಅವನನ್ನು ದೆವ್ವ ಮಾಡಿಬಿಟ್ಟರು! ಸತ್ತ ಹಕ್ಕಿಗಳ ಪ್ರಭೆ, ಸತ್ತ ಮನುಷ್ಯನ ಪ್ರಭೆ ಸೇರಿ ಋಣಶಕ್ತಿಯಂತೆ. ಅದಕ್ಕೆ ಎದುರಾಗಿ ಧನಶಕ್ತಿಯಂತೆ. ನಡುವೆ ಫೋಟಾನ್ ಎಂಬ ಶಬ್ದ ಎಸೆದರೆ ವಿಜ್ಞಾನವಾಯಿತು. ಮಂತ್ರವಾದಿಯ ಕೈಯ ತಾಯಿತಕ್ಕೂ ವಿಜ್ಞಾನಿಯ ಕೈಯ ಉಪಕರಣಕ್ಕೂ ವ್ಯತ್ಯಾಸ ಉಳಿಯಲಿಲ್ಲ. ಚಿಟ್ಟಿಯೂ ಹಾಗೆಯೇ. ಯೋಚಿಸಿದ ತಪ್ಪಿಗೆ ತನ್ನನ್ನು ತಾನೇ ಬಿಚ್ಚಿಕೊಂಡ ಯಂತ್ರವನ್ನು ಮತ್ತೆ ಜೋಡಿಸುವಾಗ, ಇದು ಸರಿಯೇ ಎಂಬ ಪ್ರಶ್ನೆ ಕಥೆಯನ್ನು ಕಾಡುವುದೇ ಇಲ್ಲ. ಕೊನೆಯ ಅರ್ಧ ಗಂಟೆ ಫುಟ್ಬಾಲ್ ಮೈದಾನದಲ್ಲಿ ಬರಿಯ ಬಡಿದಾಟ.

ಇರಲಿ, ಸಿನಿಮಾ ತಾನೇ ಎನ್ನಬಹುದು. ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಆದರೆ ಮಾರ್ಚ್ 20ರ ಗುಬ್ಬಚ್ಚಿ ದಿನಕ್ಕೆ ಪ್ರಬಂಧ ಬರೆಯಲು ಹೇಳಿದರೆ ಇವತ್ತಿಗೂ ಕೆಲವು ಮಕ್ಕಳು ಬರೆಯುವುದು ಒಂದೇ ಸಾಲು, ಟವರಿನಿಂದ ಗುಬ್ಬಚ್ಚಿ ಸತ್ತಿತು ಎಂದು. "ಯಾರು ಹೇಳಿದ್ದು ಮಾರಾಯ?" ಎಂದರೆ, "ಪಿಚ್ಚರಲ್ಲಿ ಉಂಟಲ್ಲ ಸರ್!" ಎನ್ನುತ್ತಾರೆ.

ಸ್ವಲ್ಪ ಲೆಕ್ಕ ನೋಡೋಣ. 900 ಮೆಗಾಹರ್ಟ್ಸ್ ಅಲೆಯ ಒಂದು ಫೋಟಾನಿನ ಶಕ್ತಿ ಎಲೆಕ್ಟ್ರಾನ್ ವೋಲ್ಟಿನ ಹತ್ತು ಲಕ್ಷದಲ್ಲಿ ಸುಮಾರು ನಾಲ್ಕು ಪಾಲು. ಜೀವಕೋಶದ ಅಣುಬಂಧ ಮುರಿಯಲು ಕೆಲವು ಎಲೆಕ್ಟ್ರಾನ್ ವೋಲ್ಟ್ ಬೇಕು. ಇನ್ನೊಂದು ಲೆಕ್ಕ ಕಾಲದ್ದು. ಬ್ರಿಟನ್ನಿನಲ್ಲಿ ಗುಬ್ಬಚ್ಚಿಗಳು ಕಡಿಮೆಯಾಗತೊಡಗಿದ್ದು 1970ರ ದಶಕದ ಕೊನೆಯಿಂದ, ಅಲ್ಲಿ ಮೊಬೈಲ್ ಸೇವೆ ಬಂದದ್ದು 1985ರಲ್ಲಿ. ನಮ್ಮ ದೇಶದ ಹಕ್ಕಿಗಳ ಸ್ಥಿತಿಗತಿಯ 2020ರ ವರದಿಯ ಪ್ರಕಾರ ಮಹಾನಗರಗಳಲ್ಲಿ ಗುಬ್ಬಚ್ಚಿ ಇಳಿದಿದ್ದರೂ ಒಟ್ಟು ದೇಶದಲ್ಲಿ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ. ಹಾಗೆಂದು ಅಲೆಗಳಿಂದ ಹಕ್ಕಿಗೆ ಏನೂ ಆಗುವುದಿಲ್ಲ ಎಂದೂ ಹೇಳುವಂತಿಲ್ಲ. ವಿದ್ಯುತ್ ಉಪಕರಣಗಳ ಗದ್ದಲದಿಂದ ರಾಬಿನ್ ಹಕ್ಕಿಯ ದಿಕ್ಸೂಚಿ ಶಕ್ತಿ ಕೆಡುತ್ತದೆಂದು ಜರ್ಮನಿಯ ಸಂಶೋಧಕರು 2014ರಲ್ಲಿ ತೋರಿಸಿದ್ದಾರೆ. ಆದರೆ ಅದು ಹಳೆಯ ರೇಡಿಯೊಗಳ ಆಸುಪಾಸಿನ ಆವರ್ತನ, ಮೊಬೈಲಿನದಲ್ಲ. ವಿಜ್ಞಾನ ಎಂದರೆ ಹೀಗೆ, ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ ಎಂದು ಗೆರೆ ಎಳೆಯುವುದು. ಚಿತ್ರ ಬಿಡುಗಡೆಗೆ ಮೊದಲು ಮೊಬೈಲ್ ಕಂಪೆನಿಗಳ ಸಂಘ ಸೆನ್ಸಾರ್ ಮಂಡಳಿಗೆ ದೂರು ಕೊಟ್ಟಿತ್ತು. ಕಂಪೆನಿಗೆ ವಕೀಲರು ಸಿಕ್ಕಿದರು, ಚಿತ್ರಕ್ಕೆ ಅಭಿಮಾನಿಗಳು ಸಿಕ್ಕಿದರು, ಹಕ್ಕಿಗೆ ಮಾತ್ರ ಯಾರೂ ಸಿಗಲಿಲ್ಲ.

ಈ ವಿಷಯ ನಮ್ಮ ಜಿಲ್ಲೆಯವರಿಗೆ ಇನ್ನಷ್ಟು ಚುಚ್ಚಬೇಕು. ಹಕ್ಕಿ ಸಾಯುವುದು ಎಂದರೇನೆಂದು ನಮಗೆ ಗೊತ್ತು. ಎಣ್ಮಕಜೆ, ಬೆಳ್ಳೂರು, ಮುಳಿಯಾರು ಮುಂತಾದ ಕಡೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ. ಮೊದಲು ಜೇನ್ನೊಣ, ಮೀನು, ಕಪ್ಪೆ, ಹಕ್ಕಿ. ಆಮೇಲೆ ಕರುಗಳು. ಆಮೇಲೆ ನಮ್ಮ ಮಕ್ಕಳು. ಕೈಕಾಲು ಸೊಟ್ಟಗಾದ ಕರುಗಳನ್ನು ಕಂಡು 1980ರ ಆಸುಪಾಸಿನಲ್ಲೇ ಅನುಮಾನ ಪಟ್ಟು ಬರೆದವರು ನಮ್ಮವರೇ ಆದ ಶ್ರೀ ಪಡ್ರೆ. ಅವರ ಕೈಯಲ್ಲಿ ಇದ್ದದ್ದು ಪೆನ್ನು ಮಾತ್ರ. ಸುಪ್ರೀಂ ಕೋರ್ಟು ದೇಶದಲ್ಲಿ ಆ ವಿಷವನ್ನು ನಿಲ್ಲಿಸಿದ್ದು 2011ರಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿದ್ದು 2017ರಲ್ಲಿ. ಬಡ್ಸ್ ಶಾಲೆಗಳಿಗೆ ಹೋಗುವ ಮಕ್ಕಳನ್ನು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಇಂಥ ಊರಿನ ಹುಡುಗನೊಬ್ಬ, ಹಕ್ಕಿ ಯಾಕೆ ಸತ್ತಿತು ಎಂದರೆ ಟವರು ಎನ್ನುತ್ತಾನಲ್ಲ... ತಪ್ಪು ಕಾರಣ ಬಾಯಿಪಾಠವಾದರೆ ನಿಜವಾದ ಕಾರಣ ಆರಾಮವಾಗಿ ತಪ್ಪಿಸಿಕೊಳ್ಳುತ್ತದೆ. '2.0' ಬಗ್ಗೆ ನನ್ನ ಸಿಟ್ಟು ಇಷ್ಟೇ.

ನಿಜವಾದ ಕಥೆ ಬೇಕಿದ್ದರೆ ರಣಹದ್ದುಗಳದ್ದು ಇತ್ತು. 1990ರ ದಶಕದಲ್ಲಿ ಅವು ಸಾಲುಸಾಲಾಗಿ ಸತ್ತವು. ಬಿಳಿಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಇಲ್ಲವಾಯಿತು. ಸೋಂಕಿರಬಹುದು ಎಂದು ಮೊದಲ ಊಹೆ. ಸತ್ತ ಹಕ್ಕಿಯ ಹೊಟ್ಟೆ ಕೊಯ್ದು ನೋಡಿದರೆ ಅಂಗಾಂಗಗಳ ಮೇಲೆ ಬಿಳಿ ಯೂರಿಕ್ ಆಮ್ಲ, ಮೂತ್ರಪಿಂಡ ಕೆಟ್ಟಿತ್ತು. ಹದ್ದು ತಿಂದದ್ದೇನು? ದನದ ಹೆಣ. ದನಕ್ಕೆ ಕೊಟ್ಟದ್ದೇನು? ಡೈಕ್ಲೊಫಿನ್ಯಾಕ್ ಎಂಬ ನೋವಿನ ಔಷಧಿ. ಉತ್ತರ 2004ರಲ್ಲಿ ಸಿಕ್ಕಿತು. 2006ರಲ್ಲಿ ಭಾರತ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಇದರಲ್ಲಿ ಖಳನೂ ಇಲ್ಲ, ದೆವ್ವವೂ ಇಲ್ಲ. ದನದ ನೋವು ಕಡಿಮೆಯಾಗಲೆಂದು ಒಳ್ಳೆಯ ಮನಸ್ಸಿನಿಂದ ಕೊಟ್ಟ ಮದ್ದು ಹದ್ದುಗಳನ್ನು ಕೊಂದಿತು. ಲೆಕ್ಕ ಸರಿ, ಉತ್ತರ ತಪ್ಪು. ಮೊದಲ ಚಿಟ್ಟಿಯದ್ದೇ ಕಥೆ ನೋಡಿ!

ಚಿತ್ರ ಮನೆಯ ಟಿವಿಯಲ್ಲಿ ಬಂದರೆ ಮಕ್ಕಳನ್ನು ತಡೆಯಬೇಡಿ, ನೋಡಲಿ. ಫೋನುಗಳೆಲ್ಲ ಸೇರಿ ಹಕ್ಕಿಯಾಗುವ ದೃಶ್ಯ ನಿಜಕ್ಕೂ ಸೊಗಸಾಗಿದೆ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: "ಇದು ಹೇಗೆ ಗೊತ್ತಾಯಿತು?" ಪಕ್ಷಿರಾಜನ್ ಅದಕ್ಕೆ ಉತ್ತರ ಹೇಳಿ ಹೋಗಲಿಲ್ಲ. ನಮ್ಮ ಮಕ್ಕಳಾದರೂ ಹುಡುಕಲಿ.